‘ನಾಟ್ ಹ್ಯಾಪಿ’ ಎಂದ ಡಾಕ್ಟರು, ‘ಚೆನ್ನಾಗಿದೀನಿ’ ಎಂದ ಅಕ್ಕ

ಮುಳಬಾಗಿಲು ಬಿಟ್ಟದ್ದು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರಮನೆ, ಸೇತುವೆ, ಮ್ಯೂಸಿಯಂ ಹುಡುಕಿಕೊಂಡು ಇದನ್ನು ಓದುವವರಿಗೆ ಇಲ್ಲಿ ಸಿಗುವುದು ಬಹುಪಾಲು ನನ್ನ ಎದೆಬಡಿತವೇ. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಶ್ರೀನಿವಾಸಪುರದ ಬಸ್ಸು ಹತ್ತಿ ಕೂತ ಮೇಲೂ “ಇದು ಶ್ರೀನಿವಾಸಪುರಕ್ಕೇ ತಾನೇ?” ಎಂದು ಪಕ್ಕದವರನ್ನು ಕೇಳಿ, ಸಾಲದೆ ಕಂಡಕ್ಟರನ್ನೂ ಕೇಳುವವಳು ನಾನು. ಅಂಥವಳು ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಅದಕ್ಕೆ ನನ್ನ ಅಕ್ಕ ರತ್ನಮ್ಮನೇ ಕಾರಣ.

ಅಕ್ಕನನ್ನು ಕೊಟ್ಟದ್ದು ಶ್ರೀನಿವಾಸಪುರಕ್ಕೆ. ಭಾವ ತೀರಿಕೊಂಡ ಮೇಲೆ ಮಾವಿನ ತೋಪು, ಮಂಡಿ ವ್ಯವಹಾರ ಎಲ್ಲ ಅವಳದೇ. ನಾನು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದು ರಿಟೈರ್ ಆದವಳು. ಆ ವರ್ಷದ ಮಾವಿನ ಸೀಸನ್ ಮುಗಿದದ್ದೇ ತಡ ಅಕ್ಕ ಫೋನ್ ಮಾಡಿದಳು.

“ಲೇ ಇಂದ್ರಾ, ಜೀವಮಾನ ಎಲ್ಲಾ ಇಂಗ್ಲೀಷು ಇಂಗ್ಲೀಷು ಅಂತ ಬಾಯಿ ಬಡ್ಕೊಂಡ್ಯಲ್ಲ, ಅವ್ರ ಊರು ಹೆಂಗಿದೆ ಅಂತ ನೋಡ್ಕೊಂಡು ಬರೋಣ ನಡಿಯೇ. ಬೆಂಗಳೂರಿನ ಟೂರ್‌ನೋರು ಅನ್ನ ಸಾರು ಎಲ್ಲಾ ಕೊಡ್ತಾರಂತೆ.”

ನನಗೆ ಕೈಕಾಲು ತಣ್ಣಗಾದವು. ಆದರೆ ಅಕ್ಕನ ಮಾತಿಗೆ ಎದುರಾಡಿದವಳಲ್ಲ ನಾನು. ಅಮ್ಮ ಹೋದಾಗ ನಾನಿನ್ನೂ ಚಿಕ್ಕವಳು. ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದ್ದು, ಪರೀಕ್ಷೆಯ ಹೊತ್ತಿಗೆ ಪಕ್ಕದಲ್ಲಿ ಕೂತು ತೂಕಡಿಸಿದ್ದು ಎಲ್ಲ ಅವಳೇ. “ಆಯ್ತಕ್ಕ” ಎಂದೆ. ನಮ್ಮೆಜಮಾನರು ವಿಮಾನ ಎಂದರೆ ನನಗಿಂತ ಹೆಚ್ಚು ಹೆದರುವವರು, ಮನೆ ಕಾಯಲು ಸಂತೋಷವಾಗಿ ಒಪ್ಪಿಕೊಂಡರು.

ಲಂಡನ್ನಿನಿಂದ ಉತ್ತರಕ್ಕೆ

ಲಂಡನ್ನಿನಲ್ಲಿ ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ನನಗೆ ನೆನಪಿರುವುದು ಅಲ್ಲಿಂದ ಯಾರ್ಕ್ ಊರಿಗೆ ಹೊರಟ ಬೆಳಿಗ್ಗೆ. ಎಲ್ಲರೂ ಬಸ್ಸಿನಲ್ಲಿ ಕೂತಾಗಿತ್ತು. ಟೂರ್ ಮ್ಯಾನೇಜರ್ ಪ್ರಸನ್ನ ತಲೆ ಎಣಿಸಿ ಆಗಿತ್ತು. ಡ್ರೈವರು ಬಾಗಿಲು ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ ತುಂಬಾ ಮೃದುವಾಗಿ, ಹವಾಮಾನದ ಬಗ್ಗೆ ಮಾತಾಡುವವನಂತೆ, “ಐ ಆಮ್ ನಾಟ್ ಹ್ಯಾಪಿ ವಿತ್ ದಟ್ ಡೋರ್” ಎಂದ.

ಮೂವತ್ತಕ್ಕೂ ಹೆಚ್ಚು ವರ್ಷ ಬೋರ್ಡಿನಲ್ಲಿ ‘ಹ್ಯಾಪಿ’ ಎಂದು ಬರೆದು ಅದರ ಎದುರಿಗೆ ‘ಅನ್‌ಹ್ಯಾಪಿ’ ಎಂದು ಬರೆಸಿದವಳು ನಾನು. ಸಂತೋಷ, ಅಸಂತೋಷ. ಮಗು ಅತ್ತರೆ ಅನ್‌ಹ್ಯಾಪಿ, ರಾಜ ರಾಜ್ಯ ಕಳೆದುಕೊಂಡರೆ ಅನ್‌ಹ್ಯಾಪಿ. ಬಸ್ಸಿನ ಬಾಗಿಲಿನ ವಿಷಯಕ್ಕೆ ಅಸಂತೋಷಪಡುವ ಮನುಷ್ಯನನ್ನು ನೋಡಿದ್ದು ಅದೇ ಮೊದಲು. ಪಾಪ, ಏನೋ ಮನಸ್ಸಿಗೆ ಸರಿಯಿಲ್ಲ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಾನೆ ಅಂದುಕೊಂಡೆ. ಅವನು ಇಂಜಿನ್ ಆಫ್ ಮಾಡಿ ಕೆಳಗಿಳಿದ. ಬೇರೆ ಬಸ್ಸು ಬರುವವರೆಗೆ ನಾವು ರಸ್ತೆ ಬದಿಯಲ್ಲಿ ಚಳಿಯಲ್ಲಿ ನಿಂತೆವು. ಪ್ರಸನ್ನ ಎಷ್ಟು ಗೋಗರೆದರೂ ಅವನು ದನಿ ಏರಿಸಲಿಲ್ಲ, ಮುಖ ಗಂಟಿಕ್ಕಲಿಲ್ಲ, ಬಸ್ಸನ್ನೂ ತೆಗೆಯಲಿಲ್ಲ.

“ಅಷ್ಟು ಬೇಜಾರಾಗಿದ್ರೆ ಬಾಯ್ಬಿಟ್ಟು ಬೈಯೋದಲ್ವೇನೇ?” ಎಂದಳು ಅಕ್ಕ. ನಮ್ಮ ಕಡೆ ಡ್ರೈವರಾಗಿದ್ದರೆ ಬಾಗಿಲನ್ನೂ ಡಿಪೋದವರನ್ನೂ ಬಾಯಿಗೆ ಬಂದಂತೆ ಬೈದು, ಒಂದು ಒದೆ ಕೊಟ್ಟು, ಹಗ್ಗ ಕಟ್ಟಿಕೊಂಡು ಹೊರಟಿರುತ್ತಿದ್ದ. ಶ್ರೀನಿವಾಸಪುರದ ಮಂಡಿಯಲ್ಲೂ ಹಾಗೆಯೇ. ಕೊಳ್ಳುವವನು ಹಣ್ಣನ್ನು ಎತ್ತಿ ಬಿಸಾಡಿ, “ಇದನ್ನ ಹಸೂನೂ ಮೂಸಲ್ಲ ಕಣಮ್ಮಾ” ಎಂದು ಕೂಗಾಡಿ, ಕೊನೆಗೆ ಅದೇ ಹಣ್ಣನ್ನು ಲಾರಿಗೆ ತುಂಬಿಸಿಕೊಂಡು ಹೋಗುತ್ತಾನೆ. ಕೂಗಾಟ ಮುಗಿದರೆ ಬೇಜಾರೂ ಮುಗಿಯಿತು. ಈ ಜನರ ಬೇಜಾರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದೇ ಗೊತ್ತಾಗುವುದಿಲ್ಲವಲ್ಲ ಎಂದು ನನಗೆ ಅಲ್ಲೇ ಸಣ್ಣಗೆ ಭಯ ಶುರುವಾಯಿತು.

ಯಾರ್ಕ್: ಹೋಟೆಲಿನ ತಿಂಡಿ

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಪಕ್ಕದ ಮೇಜಿನ ಮುದುಕರೊಬ್ಬರು ಬಡಿಸುವ ಹುಡುಗಿಯನ್ನು ಕರೆದು, ನಗುನಗುತ್ತಲೇ, ಈ ಮೊಟ್ಟೆಯ ಬಗ್ಗೆ ತಾನು ಸ್ವಲ್ಪ ಅನ್‌ಹ್ಯಾಪಿ ಎಂದರು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಒಳಗಿನಿಂದ ಮ್ಯಾನೇಜರು ಓಡಿ ಬಂದ, ಅಡುಗೆಯವನು ಬಂದ, ಮೂವರೂ ಕೈಕಟ್ಟಿ ನಿಂತರು.

“ಏನಂದ್ನೇ ಆ ಯಪ್ಪ?” ಎಂದಳು ಅಕ್ಕ.

“ಮೊಟ್ಟೆ ಬಗ್ಗೆ ಸ್ವಲ್ಪ ಬೇಜಾರಂತೆ.”

“ಅಷ್ಟಕ್ಕೇ? ನಾನೇನೋ ಹಲ್ಲಿ ಬಿದ್ದಿತ್ತೇನೋ ಅನ್ಕೊಂಡೆ.” ನಗಬೇಕಾದ ಮಾತು, ಆದರೆ ಅಕ್ಕ ನಗಲಿಲ್ಲ. ತಟ್ಟೆಯ ಬ್ರೆಡ್ಡನ್ನು ಮುಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ, “ಮನೆ ಮುಂದಿನ ಕರಿಬೇವಿನ ಗಿಡಕ್ಕೆ ನೀರು ಹಾಕ್ತಾರೋ ಇಲ್ವೋ” ಎಂದಳು. ಇನ್ನೂ ಸ್ವಲ್ಪ ಹೊತ್ತಿಗೆ, “ಸ್ಟೋರ್ ರೂಮಿನ ಕಿಟಕಿ ಹಾಕಿದ್ನಾ ನಾನು?” ಎಂದಳು.

ಅಕ್ಕ ಎಂದೂ ನೋವು ಎಂದು ಬಾಯಿಬಿಟ್ಟವಳಲ್ಲ. ನೋವು ಹೆಚ್ಚಾದಾಗ ಮನೆಗೆಲಸದ ವಿಚಾರಣೆ ಶುರುವಾಗುತ್ತದೆ, ಅಷ್ಟೇ. ದೊಡ್ಡ ಮಗನ ಹೆರಿಗೆಗೆ ಕೋಲಾರಕ್ಕೆ ಹೋಗುವ ಜೀಪಿನಲ್ಲಿ, ತುಟಿ ಕಚ್ಚಿಕೊಂಡು, ದೋಸೆ ಹಿಟ್ಟು ಹುಳಿ ಬಂತಾ ಎಂದು ನನ್ನನ್ನು ದಾರಿಯುದ್ದಕ್ಕೂ ಕೇಳಿದ್ದಳು. “ಅಕ್ಕ, ಏನಾಗ್ತಿದೆ?” ಎಂದೆ. “ಏನಿಲ್ಲ ಬಿಡೇ, ಗ್ಯಾಸು” ಎಂದವಳು ಎದ್ದು ಎರಡು ಹೆಜ್ಜೆ ಇಟ್ಟು, ಗೋಡೆ ಹಿಡಿದು ವಾಂತಿ ಮಾಡಿಕೊಂಡಳು.

ಪ್ರಸನ್ನ ನಮ್ಮನ್ನು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇನ್ಶೂರೆನ್ಸಿನವರ ಜೊತೆ ಮಾತಾಡಿ, ಮಿಕ್ಕವರನ್ನು ಊರು ತೋರಿಸಲು ಹೊರಟ. “ನಾಳೆ ಮಧ್ಯಾಹ್ನ ಎಡಿನ್‌ಬರೋಗೆ ಹೊರಡ್ತೀವಿ ಮೇಡಂ. ಅಷ್ಟರಲ್ಲಿ ಬಿಟ್ರೆ ಬಂದು ಕರ್ಕೊಂಡು ಹೋಗ್ತೀನಿ. ಹೆದರ್ಬೇಡಿ” ಎಂದ. ಬಿಡದಿದ್ದರೆ?

ಆಸ್ಪತ್ರೆ

ನಮ್ಮ ಕಡೆ ಆಸ್ಪತ್ರೆಗೆ ಹೋಗುವುದಕ್ಕೆ ಒಂದು ರೀತಿ ಇದೆ. ರೋಗಿ ಸುಮ್ಮನಿರುವುದು, ಜೊತೆಗೆ ಹೋದವರು ಕೂಗುವುದು. ದೊಡ್ಡ ಡಾಕ್ಟರೆದುರು ರೋಗಿ ಅತ್ತು ಕರೆದರೆ ಅಗೌರವ. “ಹೆಂಗಿದೀಯಮ್ಮಾ?” ಎಂದರೆ “ನಿಮ್ಮ ದಯದಿಂದ ಚೆನ್ನಾಗಿದೀನಿ ಸಾಮಿ” ಎನ್ನಬೇಕು. ಅಷ್ಟರಲ್ಲಿ ಅಣ್ಣನೋ ಚಿಕ್ಕಮ್ಮನೋ ಹಿಂದಿನಿಂದ ನುಗ್ಗಿ, “ಏನ್ ಚೆನ್ನಾಗಿರೋದು ಡಾಕ್ಟ್ರೇ, ರಾತ್ರಿಯೆಲ್ಲಾ ಪ್ರಾಣ ಹೋಗೋ ಹಂಗೆ ಒದ್ದಾಡವ್ಳೆ!” ಎಂದು ವಾರ್ಡೇ ಕೇಳುವಂತೆ ಹೇಳುತ್ತಾರೆ. ಡಾಕ್ಟರು ರೋಗಿಯ ಮಾತನ್ನು ಬಿಟ್ಟು ಅವರ ಮಾತು ಕೇಳುತ್ತಾರೆ. ಎಲ್ಲರಿಗೂ ಗೊತ್ತಿರುವ ವ್ಯವಸ್ಥೆ ಇದು.

ಇಲ್ಲಿ ಯಾರೂ ನನ್ನನ್ನು ಕೇಳಲೇ ಇಲ್ಲ. ನರ್ಸು ಅಕ್ಕನ ಮಂಚದ ಹತ್ತಿರ ಬಗ್ಗಿ, ನೋವಿಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀಯ ಎಂದು ಅಕ್ಕನನ್ನೇ ಕೇಳಿದಳು. ನಾನು ಕನ್ನಡದಲ್ಲಿ ಹೇಳಹೊರಟರೆ, ಮನೆಯವರು ಬೇಡ, ನಮ್ಮ ದುಭಾಷಿಯೇ ಇರಲಿ ಎಂದು ನಯವಾಗಿ ತಡೆದಳು. ಕನ್ನಡದವರು ಸಿಗಲಿಲ್ಲ. ಫೋನಿನಲ್ಲಿ ತೆಲುಗಿನವರೊಬ್ಬರು ಸಿಕ್ಕರು. ಅಕ್ಕನಿಗೆ ಮಂಡಿಯಲ್ಲಿ ದಿನವೆಲ್ಲ ತೆಲುಗೇ. ಆದರೆ ಆ ಕಡೆಯದು ಗಂಡಸಿನ ದನಿ, ಕೇಳುವುದು ಹೊಟ್ಟೆಯ, ಅದರ ಕೆಳಗಿನ ವಿಷಯ. ಅಕ್ಕ ಸೆರಗು ಸರಿಮಾಡಿಕೊಂಡು ಫೋನಿಗೆ, “ಬಾಗುಂದಿ ನಾಯ್ನಾ, ಪರವಾಲೇದು” ಎಂದಳು, ಚೆನ್ನಾಗಿದೆಯಪ್ಪಾ, ಪರವಾಗಿಲ್ಲ ಅಂತ. ನೋವು ಎಷ್ಟು? “ಎರಡು ಅಂತ ಹಾಕೋ ನಾಯ್ನಾ.” ಅಷ್ಟು ಹೇಳಿ ನನ್ನ ಕಡೆ ತಿರುಗಿ, ಊರಿನಲ್ಲಿ ಹಾಲಿನವನಿಗೆ ಹಾಲು ಬೇಡ ಎಂದು ತಾನು ಹೇಳಿ ಬಂದಿದ್ದೇನಾ ಎಂದು ಕೇಳಿದಳು.

ನಾನು ಕೂಗಬೇಕಿತ್ತು. ಅದು ನನ್ನ ಕೆಲಸ. ಆದರೆ ಸುತ್ತಲೂ ಎಂಥ ನಿಶ್ಶಬ್ದ! ಟ್ರಾಲಿಗಳ ಚಕ್ರ ಕೂಡ ಮೆತ್ತಗೆ ಉರುಳುತ್ತಿದ್ದವು. ಕೂಗಿದರೆ ಹೊರಗೆ ಹಾಕಿಬಿಟ್ಟರೆ? ಪಾಸ್‌ಪೋರ್ಟ್ ಕೇಳಿದರೆ? ಅಕ್ಕನ ಚೀಲವನ್ನು ಎದೆಗವಚಿಕೊಂಡು ನಿಂತೆ.

ಸಂಜೆಗೆ ದೊಡ್ಡ ಡಾಕ್ಟರು ಬಂದರು, ನರೆತ ಕೂದಲಿನ ಮನುಷ್ಯ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆಗಿತ್ತು. ಅಕ್ಕನ ಹೊಟ್ಟೆಯ ಮೇಲೆ ಕೈ ಇಟ್ಟು ಅಲ್ಲಲ್ಲಿ ಒತ್ತಿ ನೋಡಿದರು. ಆಮೇಲೆ ಅದೇ ಡ್ರೈವರನ ಮೆತ್ತನೆಯ ದನಿಯಲ್ಲಿ, “ಐ ಆಮ್ ನಾಟ್ ಹ್ಯಾಪಿ ವಿತ್ ದಿಸ್ ಟಮ್ಮಿ” ಎಂದು, ನನ್ನ ಕಡೆ ನೋಡಿ ಮುಗುಳ್ನಕ್ಕು, ರಾತ್ರಿ ಇಲ್ಲೇ ಇರಲಿ ಎಂದು ಹೊರಟರು.

ನಾನು ಅವರ ಹಿಂದೆಯೇ ಹೋಗಿ, ಸಾರಿ ಸರ್, ವೆರಿ ಸಾರಿ ಸರ್ ಎಂದೆ. ನಾವೇನೋ ತಪ್ಪು ನಡೆದುಕೊಂಡೆವು, ಅವರಿಗೆ ಬೇಜಾರಾಗಿದೆ, ಬೇಜಾರಾದ ಡಾಕ್ಟರು ನಾಳೆ ಸರಿಯಾಗಿ ನೋಡುವುದಿಲ್ಲ ಎಂಬ ದಿಗಿಲು ನನಗೆ. ಅವರು ಅರ್ಥವಾಗದೆ ತಲೆಯಾಡಿಸಿ ಮುಂದೆ ಹೋದರು.

ಪಕ್ಕದ ಮಂಚದಲ್ಲಿ ಮಾರ್ಗರೆಟ್ ಎಂಬ ಮುದುಕಿ ಇದ್ದರು, ಕಾಲಿಗೆ ಪಟ್ಟಿ ಸುತ್ತಿಕೊಂಡು. ನನ್ನ ಕಣ್ಣೀರು ನೋಡಿ ಹತ್ತಿರ ಕರೆದರು. “ಅವರಿಗೆ ಬೇಜಾರಾಗಿದೆ” ಎಂದೆ ನಾನು.

“ಅಯ್ಯೋ ಮಗೂ, ಅವರು ಹ್ಯಾಪಿ ಅಲ್ಲ ಅಂದರೆ ನಿಮ್ಮಕ್ಕನ ಅದೃಷ್ಟ ಅಂದ್ಕೋ. ಇನ್ನು ಕೈ ಬಿಡೋದಿಲ್ಲ. ನಾವು ಎಷ್ಟು ಮೆಲ್ಲಗೆ ಹೇಳ್ತೀವೋ ಅಷ್ಟು ಗಟ್ಟಿಯಾಗಿ ಕೇಳಿಸ್ಕೋಬೇಕು” ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಗೆ ಬಿದ್ದದ್ದು ಹೀಗೆ. ತಮ್ಮ ಗಂಡ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ, ಯಾಕೋ ಈ ಎಡಗೈ ಬಗ್ಗೆ ನಾನು ಅಷ್ಟು ಹ್ಯಾಪಿ ಇಲ್ಲ ಎಂದರಂತೆ. ಇವರು ಪಾತ್ರೆ ತೊಳೆದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. “ನಾನು ಹೆಂಡತಿ, ನನಗಾದರೂ ಅರ್ಥ ಆಗಬೇಕಿತ್ತು” ಎಂದು ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಧೈರ್ಯ ತುಂಬಲು ಹೇಳಿದ ಮಾತು ಅದು. ನನಗೆ ಕೇಳಿಸಿದ್ದು ಮಾತ್ರ ಬೇರೆಯೇ. ಹಾಗಾದರೆ ಅಕ್ಕನ ಹೊಟ್ಟೆಯೊಳಗೆ ಇರುವುದು ಗ್ಯಾಸಲ್ಲ.

ಮರುದಿನ ಬೆಳಿಗ್ಗೆ

ರಾತ್ರಿಯನ್ನು ಹೊರಗಿನ ಕುರ್ಚಿಯಲ್ಲೇ ಕಳೆದು ಹೊತ್ತಾರೆ ನಾನು ವಾರ್ಡಿಗೆ ಹೋದಾಗ ಅಕ್ಕ ತಲೆ ಬಾಚಿಕೊಂಡು, ಸೀರೆ ಸರಿಮಾಡಿಕೊಂಡು, ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದಳು. ಮುಖ ಮಾತ್ರ ಬೂದಿ ಬಣ್ಣ. “ವಾಂತಿ ನಿಂತೋಯ್ತು ಕಣೇ. ಹೊರಡೋಣ. ಪ್ರಸನ್ನಂಗೆ ಫೋನ್ ಮಾಡು” ಎಂದಳು.

ಆ ಬೆಳಿಗ್ಗೆ ಬಂದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಚುರುಕಾದವಳು, ಒಳ್ಳೆಯವಳು. ಮತ್ತೆ ಫೋನು, ಮತ್ತೆ ಆ ಗಂಡಸಿನ ದನಿ. ಅಕ್ಕ ನಗುನಗುತ್ತಾ, “ಸೊನ್ನೆ ನಾಯ್ನಾ, ನೋವೇ ಇಲ್ಲ” ಎಂದಳು. ಹೊಟ್ಟೆ ಒತ್ತಿದಾಗ ಕಣ್ಣು ಕೂಡ ಮಿಟುಕಿಸಲಿಲ್ಲ. ಡಾಕ್ಟರಮ್ಮ, ಇನ್ನೊಂದು ರಕ್ತ ಪರೀಕ್ಷೆ ಸರಿಯಾಗಿ ಬಂದರೆ ಮಧ್ಯಾಹ್ನ ಹೊರಡಬಹುದು, ವಿ ಆರ್ ಹ್ಯಾಪಿ ಫಾರ್ ಯೂ ಟು ಗೋ ಎಂದಳು.

ಅಕ್ಕ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು ನನ್ನನ್ನು ಕೇಳಿದಳು, “ಕರಿಬೇವಿನ ಗಿಡಕ್ಕೆ ನೀರು ಹಾಕ್ತಿದಾರೇನೇ?” ನಾನು ಉತ್ತರ ಹೇಳುವ ಮೊದಲೇ, “ಗೋದಾಮಿಗೆ ಬೀಗ ಹಾಕಿದ್ರಾ?” ಮತ್ತೆ, “ಅಕ್ಕಿಗೆ ಹುಳ ಬಿದ್ದಿತ್ತು, ಬಿಸಿಲಿಗೆ ಹಾಕಿದ್ರಾ? ಕರಿಬೇವಿಗೆ ನೀರು?” ಒಂದರ ಮೇಲೊಂದು, ಉಸಿರು ಬಿಡದೆ. ಹೆರಿಗೆಯ ದಿನ ಕೂಡ ಅವಳು ಇಷ್ಟು ಕೇಳಿರಲಿಲ್ಲ.

ಹೊರಟರೆ ದಾರಿಯಲ್ಲೇ ಏನಾದರೂ ಆಗಿ, ಎಡಿನ್‌ಬರೋ ಕಡೆಯ ಯಾವುದೋ ರಸ್ತೆಯಲ್ಲಿ ನಾನು ಅಕ್ಕನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುವುದು ಕಣ್ಣ ಮುಂದೆ ಬಂತು. ಬಾಯಿ ತೆರೆದರೆ ಅಕ್ಕನ ಮಾತನ್ನು ಪರರೆದುರು ಸುಳ್ಳು ಮಾಡಿದಂತೆ. ಅವಳು ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಸಣ್ಣಗೆ ತಲೆಯಾಡಿಸಿದಳು. ನಾನೇನು ಮಾಡಲಿದ್ದೇನೆ ಎಂದು ಆಗಲೇ ಅವಳಿಗೆ ಗೊತ್ತಾಗಿತ್ತು.

ಕೂಗಲಿಲ್ಲ ನಾನು. ಡಾಕ್ಟರಮ್ಮನ ಹತ್ತಿರ ಹೋಗಿ, ನನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, “ಡಾಕ್ಟರ್, ಐ ಆಮ್ ನಾಟ್ ಹ್ಯಾಪಿ” ಎಂದೆ. “ನಮ್ಮಕ್ಕ ನಿಮಗೆ ಸುಳ್ಳು ಹೇಳ್ತಿದಾಳೆ. ನಾನು ಅವಳನ್ನ ಜೀವಮಾನವೆಲ್ಲ ನೋಡಿದೀನಿ. ಅವಳಿಗೆ ತುಂಬಾ ನೋವಿದೆ.”

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಆಶ್ಚರ್ಯ ಎಂದರೆ ಯಾಕೆ, ಏನು ಎಂದು ವಾದ ಮಾಡಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಂದೊಂದಾಗಿ ಕೇಳಿದಳು. ಕರಿಬೇವಿನ ಗಿಡದ ವಿಷಯವನ್ನೂ ನಗದೆ ಕೇಳಿಸಿಕೊಂಡಳು. ನರೆತ ಕೂದಲಿನ ಡಾಕ್ಟರು ಬಂದರು. ಅಕ್ಕನನ್ನು ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಹೋಗುವಾಗ ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಆಮೇಲೆ ಮುಖ ತಿರುಗಿಸಿದಳು. ಅವಳು ನನ್ನಿಂದ ಮುಖ ತಿರುಗಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಕರುಳು ತಿರುಚಿಕೊಂಡಿತ್ತು. ಅಷ್ಟು ಭಾಗಕ್ಕೆ ರಕ್ತ ಹೋಗುವುದೇ ನಿಂತು ಕಪ್ಪಾಗುತ್ತಿತ್ತು. ಈಗಲೇ ಕೊಯ್ಯಬೇಕು ಎಂದರು. ಬದುಕುತ್ತಾಳಾ ಎಂದು ಕೇಳಿದೆ. ನರೆತ ಕೂದಲಿನವರು ನನ್ನ ಭುಜದ ಮೇಲೆ ಕೈ ಇಟ್ಟು, ಇದು ಇನ್ನೂ ಮುಂಚೆ ಗೊತ್ತಾಗಿದ್ದರೆ ನಾನು ಇನ್ನಷ್ಟು ಹ್ಯಾಪಿ ಆಗಿರುತ್ತಿದ್ದೆ ಎಂದರು. ಮಾರ್ಗರೆಟ್ ಹೇಳಿಕೊಟ್ಟಿದ್ದಂತೆ ಆ ಮೆತ್ತನೆಯ ಮಾತನ್ನು ಗಟ್ಟಿಯಾಗಿ ಕೇಳಿಸಿಕೊಂಡೆ. ತಡವಾಗಿದೆ, ಏನೂ ಹೇಳಲಾಗದು ಎಂದು ಅದರ ಅರ್ಥ.

ಟೂರಿನ ಬಸ್ಸು ಎಡಿನ್‌ಬರೋಗೆ ಹೋಯಿತು. ಪ್ರಸನ್ನ ನಮ್ಮ ಪೆಟ್ಟಿಗೆಗಳನ್ನು ಇಳಿಸಿ, ಟೂರಿನ ಹೆಂಗಸರು ಕಟ್ಟಿಕೊಟ್ಟ ಚಪಾತಿ ಪೊಟ್ಟಣವನ್ನು ನನ್ನ ಕೈಗಿಟ್ಟು ಕಣ್ಣು ಒರೆಸಿಕೊಂಡ. ಆ ಮಧ್ಯಾಹ್ನವೆಲ್ಲ ಒಂದು ಉದ್ದನೆಯ ಕಾರಿಡಾರಿನಲ್ಲಿ ಒಬ್ಬಳೇ ಕೂತೆ. ನಮ್ಮೂರ ಹತ್ತಿರದ ಕುರುಡುಮಲೆ ಗಣಪನಿಗೆ ಹೊತ್ತ ಹರಕೆಗಳನ್ನು ತೀರಿಸಬೇಕಾದರೆ ನಾನು ಅಲ್ಲೇ ಮನೆ ಮಾಡಬೇಕು. ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ನನ್ನ ಜೊತೆ ಅಕ್ಕ ಇಲ್ಲ, ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳುವವರಿಲ್ಲ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಕೊನೆಗೆ ಬಾಗಿಲು ತೆರೆದು ಬಂದದ್ದು ಆ ಡಾಕ್ಟರಮ್ಮನೇ. ಅವಳು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದಳು. ಹೇಳುವ ಮಾತು ಕೇಳಿಸುವಷ್ಟು ಹೊತ್ತು ನಾನು ತಾಳುವುದಿಲ್ಲ ಎಂದು ಅವಳಿಗೆ ಹೇಗೆ ಗೊತ್ತಾಯಿತೋ.

ಕಿಟಕಿ ಪಕ್ಕದ ಮಂಚ

ಅಕ್ಕನಿಗೆ ಚೆನ್ನಾಗಿ ಎಚ್ಚರವಾದದ್ದು ಮರುದಿನ ಬಿಸಿಲು ಬಂದ ಮೇಲೆ. ಮೂಗಿಗೆ ಕೊಳವೆ, ಕೈಗೆ ಸೂಜಿ. ನನ್ನನ್ನು ನೋಡಿ ಮತ್ತೆ ಮುಖ ತಿರುಗಿಸಿದಳು. ಸಿಟ್ಟು ಮಾಡಿಕೊಂಡಿದ್ದಾಳೆ ಎಂದುಕೊಂಡು ಅವಳ ಕಾಲಿನ ಹತ್ತಿರ ಮುದುಡಿ ಕೂತೆ.

“ಅಕ್ಕ, ತಪ್ಪಾಯ್ತು. ನಿನ್ನ ಮಾತು ಅವರೆದುರಿಗೆ ತೆಗೆದುಹಾಕ್ಬಿಟ್ಟೆ” ಎಂದೆ.

“ಅದಕ್ಕಲ್ಲ ಕಣೇ.” ಅವಳ ದನಿ ಒಣಗಿತ್ತು. “ನಂಗೆ ಮೊನ್ನೇನೇ ಗೊತ್ತಾಗಿತ್ತು, ಇದು ಗ್ಯಾಸಲ್ಲ ಅಂತ. ನಮ್ಮತ್ತೆ ಹಿಂಗೇ ಹೊಟ್ಟೆ ಹಿಡ್ಕೊಂಡು ಹೋಗಿದ್ದು. ಹೋಗೋದಾದ್ರೆ ನಮ್ಮೂರಿಗೆ ಮುಟ್ಟಿ ಹೋಗೋಣ ಅನ್ಕೊಂಡೆ. ಇಲ್ಲಿ ಕೊಯ್ದು ಇಲ್ಲೇ ಹೋಗ್ಬಿಟ್ರೆ, ನೀನೊಬ್ಳು, ಬಸ್ಸು ಹತ್ತೋಕೇ ನಾಲ್ಕು ಜನರನ್ನ ಕೇಳೋಳು, ಈ ಪರದೇಶದಲ್ಲಿ ನನ್ನ ಹೆಣ ಇಟ್ಕೊಂಡು ಏನ್ ಮಾಡ್ತೀಯ? ಅದಕ್ಕೆ ಸೊನ್ನೆ ಅಂದೆ.”

ನನಗೆ ಅಳು, ಕೋಪ ಎರಡೂ ಒಟ್ಟಿಗೆ ಬಂದವು. “ನನಗೆ ಒಂದು ಮಾತು ಹೇಳೋದಲ್ವಾ? ದಾರೀಲೇ ಹೋಗಿಬಿಟ್ಟಿದ್ರೆ? ಎಂಥ ಹೆಂಗಸು ನೀನು!” ಅಕ್ಕನನ್ನು ಹೀಗೆ ಗದರಿದ್ದು ನನ್ನದೇ ದನಿಯಾ ಎಂದು ನನಗೇ ನಂಬಿಕೆ ಬರಲಿಲ್ಲ.

“ಹೇಳಿದ್ರೆ ನೀನು ಹೆದರ್ಕೋತಿದ್ದೆ.”

“ನಾನು ಹೆದರ್ಕೊಂಡೇ ಇದ್ದೆ ಅಕ್ಕ. ಯಾವಾಗ ಹೆದರ್ಕೊಂಡಿಲ್ಲ ನಾನು? ಇನ್ಮೇಲೆ ಇಬ್ಬರೂ ಸೇರಿ ಹೆದರ್ಕೊಳ್ಳೋಣ, ಒಬ್ಬಳೇ ಹೆದರ್ಕೋಬೇಡ.”

ಅಕ್ಕ ಸೂಜಿ ಚುಚ್ಚದ ಕೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ನನ್ನ ಕಡೆ ಚಾಚಿದಳು. ಹಿಡಿದುಕೊಂಡೆ. ತಣ್ಣಗಿತ್ತು.

“ಇಂದ್ರಾ” ಎಂದಳು, “ನೋವ್ತಾ ಇದೆ ಕಣೇ. ತುಂಬಾ ನೋವ್ತಾ ಇದೆ.”